ಬೀದಿಯ ದತ್ತಾಂಶದ ಬಗ್ಗೆ ನಿವಾಸಿಗಳು ಯಾರನ್ನು ಕೇಳಬೇಕು?

ಪ್ರಶ್ನೆ (ಬಡಾವಣೆ ನಿವಾಸಿ, ಬೆಂಗಳೂರು):
ನಮ್ಮ ಬಡಾವಣೆಯ ಹಾಲಿನ ಬೂತಿನೆದುರು ಕಳೆದ ವರ್ಷ ಒಂದು ಕಂಬ ನೆಟ್ಟರು. ಅದರ ಮೇಲೆ ಮೂರು ಕ್ಯಾಮೆರಾಗಳೂ ಒಂದು ಬಿಳಿ ಪೆಟ್ಟಿಗೆಯೂ ಇವೆ. ಆ ಪೆಟ್ಟಿಗೆ ಗಾಳಿಯ ಗುಣಮಟ್ಟ ಅಳೆಯುತ್ತದೆಯೋ, ಹಾದುಹೋಗುವವರ ಮೊಬೈಲುಗಳನ್ನು ಎಣಿಸುತ್ತದೆಯೋ ಎಂಬುದನ್ನು ಕಂಬ ನಿಲ್ಲಿಸಿದ ಕೆಲಸಗಾರರೂ ಹೇಳಲಿಲ್ಲ, ನಾನು ಎರಡು ಸಲ ಹೋಗಿಬಂದ ಕಚೇರಿಯವರೂ ಹೇಳಲಿಲ್ಲ; "ಮೇಲಿನಿಂದ ಬಂದದ್ದು" ಎಂದಷ್ಟೇ ಉತ್ತರ ಸಿಕ್ಕಿತು. ಸರಗಳ್ಳತನ ನಡೆದ ರಸ್ತೆ ನಮ್ಮದು, ಆದ್ದರಿಂದ ಕ್ಯಾಮೆರಾವೇ ಬೇಡವೆನ್ನುವವನು ನಾನಲ್ಲ. ಆದರೆ ಚರಂಡಿಯ ವಿಷಯವನ್ನು ವಾರ್ಡ್ ಸಮಿತಿಯಲ್ಲಿ ಎತ್ತಬಹುದಾದರೆ, ಅದೇ ಚರಂಡಿಯ ಮೇಲೆ ನಡೆದಾಡುವವರ ದತ್ತಾಂಶದ ವಿಷಯವನ್ನು ಎಲ್ಲಿ ಎತ್ತಬೇಕು?

ಉತ್ತರ (ಟೊರೊಂಟೊದಲ್ಲಿರುವ ಕನ್ನಡಿಗ):
ಇಲ್ಲಿ ನಡೆದದ್ದನ್ನು ಹೇಳುತ್ತೇನೆ. 2017ರಲ್ಲಿ ಸರೋವರದ ದಂಡೆಯ ಕ್ವೇಸೈಡ್ ಎಂಬ 12 ಎಕರೆ ಜಾಗದಲ್ಲಿ ಸಂವೇದಕಗಳಿಂದ (ಸೆನ್ಸರ್‌ಗಳಿಂದ) ತುಂಬಿದ ಬಡಾವಣೆಯೊಂದನ್ನು ಕಟ್ಟಲು ಗೂಗಲ್‌ನ ಸೋದರ ಸಂಸ್ಥೆ ಸೈಡ್‌ವಾಕ್ ಲ್ಯಾಬ್ಸ್ ಮುಂದೆ ಬಂತು. ಜನ ದತ್ತಾಂಶದ ಬಗ್ಗೆ ಕೇಳತೊಡಗಿದಾಗ, ಅದನ್ನೆಲ್ಲ ಸ್ವತಂತ್ರ ಟ್ರಸ್ಟೊಂದು ನೋಡಿಕೊಳ್ಳುತ್ತದೆ ಎಂಬ ಪ್ರಸ್ತಾಪವನ್ನು 2018ರಲ್ಲಿ ಆ ಕಂಪನಿಯೇ ಮುಂದಿಟ್ಟಿತು. ಕಾವಲಿಗೆ ಒಳಗಾಗಬೇಕಾದವರೇ ಕಾವಲುಗಾರನನ್ನು ಆರಿಸಿದಂತಾಯಿತು ಎಂದು ನನಗೆ ಆಗಲೇ ಅನ್ನಿಸಿತ್ತು. ಸಂಗ್ರಹಿಸುವ ಹಂತದಲ್ಲೇ ಗುರುತುಗಳನ್ನು ಅಳಿಸಬೇಕೆಂಬ ಷರತ್ತು ಬೇರೆ ಕಂಪನಿಗಳಿಗೆ ಅನ್ವಯಿಸುವ ಖಾತರಿಯಿಲ್ಲವೆಂದು ತಿಳಿದಾಗ, ಸೈಡ್‌ವಾಕ್ ಲ್ಯಾಬ್ಸ್‌ನ ಗೌಪ್ಯತಾ ಸಲಹೆಗಾರರಾಗಿದ್ದ ಆನ್ ಕವೂಕಿಯನ್ ಅದೇ ವರ್ಷ ರಾಜೀನಾಮೆ ಕೊಟ್ಟರು. 2019ರ ಯೋಜನಾ ವರದಿ 1,500 ಪುಟ ಮೀರಿತ್ತು. ಸಂಜೆ ಸಭೆಗೆ ಬರುವ ನಿವಾಸಿ ಅದನ್ನು ಯಾವಾಗ ಓದಬೇಕು? 2020ರ ಮೇ ತಿಂಗಳಲ್ಲಿ ಆರ್ಥಿಕ ಅನಿಶ್ಚಿತತೆಯ ಕಾರಣ ಕೊಟ್ಟು ಕಂಪನಿ ಹೊರನಡೆಯಿತು.

ಉತ್ತರ (ಮಾಹಿತಿ ಹಕ್ಕು ಅರ್ಜಿದಾರ):
ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಬಹುಮಟ್ಟಿಗೆ ವ್ಯಕ್ತಿಯ ಸಮ್ಮತಿಯ ಲೆಕ್ಕದಲ್ಲಿ ರಚನೆಯಾದದ್ದು. ಹಾಲು ತರಲು ಹೊರಟವರು ಕಂಬದ ಕೆಳಗೆ ನಿಂತು ಸಮ್ಮತಿ ನಿರಾಕರಿಸುವುದು ಹೇಗೆ? ಇಡೀ ಬೀದಿ ಒಟ್ಟಾಗಿ ಮಾತಾಡುವ ಜಾಗ ಅದರಲ್ಲಿಲ್ಲ, ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿಗೂ ಅವಕಾಶವಿದೆ. ಅದೇ ಕಾಯ್ದೆಯ 44(3)ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಉಪಕಲಮನ್ನೂ ಬಿಗಿಮಾಡಿದೆ, ಆದ್ದರಿಂದ ದೃಶ್ಯಾವಳಿ ಕೊಡಿ ಎಂದು ಕೇಳಿದರೆ "ವೈಯಕ್ತಿಕ ಮಾಹಿತಿ" ಎಂಬ ಹಿಂಬರಹವೇ ಬಂದೀತು.

ತಾವು ಟೆಂಡರ್ ಕಾಗದಗಳನ್ನು ಕೇಳಿ. ಉಪಕರಣದ ವಿವರ, ದತ್ತಾಂಶವನ್ನು ಎಷ್ಟು ದಿನ ಇಡುತ್ತಾರೆ, ಗುತ್ತಿಗೆದಾರನಿಗೆ ಅದರ ಮೇಲೆ ಯಾವ ಹಕ್ಕಿದೆ, ಅವಧಿ ಮುಗಿದಾಗ ಯಾರು ಅಳಿಸುತ್ತಾರೆ ಎಂಬುವು ಯಾರೊಬ್ಬರ ವೈಯಕ್ತಿಕ ಮಾಹಿತಿಯೂ ಅಲ್ಲ. ಉತ್ತರವನ್ನು ವಾರ್ಡ್ ಸಮಿತಿಯ ನಡಾವಳಿಯಲ್ಲಿ ದಾಖಲು ಮಾಡಿಸಿ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ದತ್ತಾಂಶಕ್ಕೆಂದು ಹೊಸ ಪೀಠ ಹುಡುಕುವ ಮೊದಲು ಇರುವ ಜಗಲಿಯನ್ನು ಬಳಸೋಣ.

ಉತ್ತರ (ನಗರ ಯೋಜನಾ ವಿದ್ಯಾರ್ಥಿನಿ):
ಮೇಲಿನದಕ್ಕೆ ಒಂದು ಸೇರ್ಪಡೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ನಿವಾಸಿಗಳ ಗೌಪ್ಯತಾ ಸಲಹಾ ಆಯೋಗವೊಂದಿದೆ. 2018ರ ಅಲ್ಲಿನ ಕಟ್ಟಳೆಯ ಪ್ರಕಾರ ಯಾವುದೇ ಇಲಾಖೆ ಕಣ್ಗಾವಲು ಉಪಕರಣ ಕೊಳ್ಳುವ ಮೊದಲೇ, ಅದರ ಪರಿಣಾಮದ ವರದಿಯನ್ನೂ ಬಳಕೆಯ ನಿಯಮವನ್ನೂ ಬರೆದು ಆಯೋಗದ ಬಹಿರಂಗ ಸಭೆಯಲ್ಲಿಡಬೇಕು. ಅಂತಿಮ ತೀರ್ಮಾನ ನಗರ ಪರಿಷತ್ತಿನದೇ. ಆದರೂ "ಮೊದಲೇ" ಎಂಬ ಆ ಒಂದು ಪದದಲ್ಲಿ ಎಲ್ಲವೂ ಇದೆ. ಕಂಬ ನೆಟ್ಟ ಮೇಲೆ ಅಭಿಪ್ರಾಯ ಕೇಳುವುದು ಮದುವೆಯಾದ ಮೇಲೆ ಜಾತಕ ನೋಡಿದಂತೆ.

ಪ್ರಶ್ನೆ ಕೇಳಿದವರು:
ಟೆಂಡರ್ ಕಾಗದಗಳ ದಾರಿ ನನಗೆ ಹೊಳೆದಿರಲಿಲ್ಲ. ಕಂಬದ ಮೇಲಿನ ಸಂಖ್ಯೆಯನ್ನು ಇಂದು ಬೆಳಿಗ್ಗೆ ಬರೆದುಕೊಂಡು ಬಂದಿದ್ದೇನೆ. ಅರ್ಜಿಯ ಕರಡನ್ನು ಭಾನುವಾರ ಇಲ್ಲಿ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.