ಅಪ್‌ಡೇಟ್: ಫ್ಯಾಮಿಲಿ ಡಾಕ್ಟರ್ ಆಗ್ಲಾ ಅಂತ ಕೇಳಿದ್ದೆನಲ್ಲ, ಅದರ ಕಥೆ

ಮೂರು ವಾರದ ಹಿಂದೆ ಕೇಳಿದ್ದೆ: ಶಿವಮೊಗ್ಗದಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗೀತಾ ಬಂತು, ನನಗೆ ಫ್ಯಾಮಿಲಿ ಡಾಕ್ಟರ್ ಆಗುವ ಆಸೆ, ಅಪ್ಪನಿಗೆ ನಾನು ರೇಡಿಯಾಲಜಿ ಮಾಡಬೇಕು, ಏನು ಮಾಡಲಿ ಅಂತ.

ಫ್ಯಾಮಿಲಿ ಮೆಡಿಸಿನ್ ಕೋರ್ಸಿನ ವಿವರ ಪ್ರಿಂಟ್ ತೆಗೆದು ಅಪ್ಪನಿಗೆ ತೋರಿಸಿ ಅಂದಿದ್ದಿರಿ. ನಡೆಯಲಿಲ್ಲ. ಕನ್ನಡಕ ಹುಡುಕ್ತೀನಿ ಅಂತ ಎದ್ದು ಹೋದವರು ವಾಪಸ್ ಬರಲೇ ಇಲ್ಲ! ನೀವು ಹೇಳಿದ್ದ ದೂರಶಿಕ್ಷಣದ ಡಿಪ್ಲೊಮಾ ನನಗೆ ಬೇಡವೆನಿಸಿತು.

ಕೆಲಸಕ್ಕೆ ಬಂದದ್ದು "ಹಳೇ ಡಾಕ್ಟರೊಬ್ಬರ ಪಕ್ಕ ಒಂದು ವಾರ ಕೂತು ಬನ್ನಿ" ಅನ್ನುವ ಮಾತು. ತೀರ್ಥಹಳ್ಳಿ ಕಡೆ ಒಬ್ಬರ ಕ್ಲಿನಿಕ್‌ಗೆ ಹೋದೆ. ಜ್ವರ ಅಂತ ಬಂದವರಿಗೆ ಅವರ ಮೊದಲ ಪ್ರಶ್ನೆ, "ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ?" ಉಣುಗು ಕಚ್ಚಿ ಹರಡುವ, ಜ್ವರ ತರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಆದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಸೊಸೆಗೆ ಬಿಪಿ ನೋಡುವಾಗಲೇ "ಅತ್ತೆ ಮಾತ್ರೆ ತಗೊಳ್ತಿದ್ದಾರಾ" ಅಂತ ವಿಚಾರಿಸುತ್ತಿದ್ದರು.

ಗೊತ್ತೇ ಇರದ ವಿಷಯ: ಫ್ಯಾಮಿಲಿ ಮೆಡಿಸಿನ್ ಡಿಎನ್‌ಬಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಕೋರ್ಸ್) 3 ವರ್ಷ, ರೇಡಿಯಾಲಜಿಯಂತೆ ಅದಕ್ಕೂ ನೀಟ್ ಪಿಜಿ ಪ್ರವೇಶ ಪರೀಕ್ಷೆಯೇ ದಾರಿ. ಬೇರೆ ಪರೀಕ್ಷೆ ಇದೆ ಅಂತ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಅಂದರೆ ಜಗಳ ಸೀಟು ಆರಿಸುವ ಕೌನ್ಸೆಲಿಂಗ್ ತನಕ ಮುಂದೂಡಬಹುದು, ಅಲ್ವಾ?

ಕೊನೆಯ ದಿನ ಅಪ್ಪ ಕರೆದುಕೊಂಡು ಹೋಗಲು ಬಂದರು. ಒಂದು ಗಂಟೆ ಬೆಂಚಿನ ಮೇಲೆ ಕೂತು ನೋಡಿದರು. ಕಾರಿನಲ್ಲಿ ಕೇಳಿದ್ದು ಒಂದೇ: "ಅರ್ಧ ಜನರ ಹತ್ರ ಫೀಸೇ ತಗೊಳ್ಳಲಿಲ್ಲವಲ್ಲ ಮಾರಾಯ?" ಆಗುಂಬೆ ಮಳೆಯಂತೆ ಬೈತಾರೆ ಅಂದುಕೊಂಡೆ. "ಸರಿ, ಪರೀಕ್ಷೆ ಬರಿ, ಆಮೇಲೆ ನೋಡೋಣ" ಅಂದರು. ಈಗ ಓದ್ತಾ ಇದ್ದೀನಿ.