‘ವಿಶ್ರಾಂತಿ’ ಎಂದರೆ ಲಾರಿ ನಿಂತದ್ದೋ, ಚಾಲಕ ಮಲಗಿದ್ದೋ?

ಮಂಗಳೂರು ಬಳಿಯ ಬೈಕಂಪಾಡಿಯ ಸಾರಿಗೆ ಕಚೇರಿಯೊಂದಕ್ಕಾಗಿ ಲಾರಿ ಚಾಲಕರ ಕೈಪಿಡಿಯನ್ನು ತಿದ್ದುತ್ತಿದ್ದೇನೆ. ದುಡಿಮೆಯ ಹೊತ್ತಿನ ನಿಯಮಗಳು ಬೇರೆ ದೇಶಗಳಲ್ಲಿ ಹೇಗಿವೆ ಎಂಬ ಅಧ್ಯಾಯವೂ ಅದರಲ್ಲಿದೆ. ಅನುವಾದಕರು ಬ್ರೇಕ್ (ಗಾಡಿಯದಲ್ಲ, ಕೆಲಸದ ನಡುವಿನದು), ರೆಸ್ಟ್, ಆಫ್ ಡ್ಯೂಟಿ ಮೂರಕ್ಕೂ ‘ವಿಶ್ರಾಂತಿ’ ಎಂದೇ ಬರೆದು ಕೈತೊಳೆದುಕೊಂಡಿದ್ದಾರೆ. ಓದಲು ಸಲೀಸಾಗಿದೆ, ಲೆಕ್ಕ ಮಾತ್ರ ಕೂಡಿಬರುವುದಿಲ್ಲ.

ಅಮೆರಿಕದಲ್ಲಿ ಸರಕು ಲಾರಿಯ ಚಾಲಕ ಸತತ 10 ಗಂಟೆ ಡ್ಯೂಟಿಯಿಂದ ಹೊರಗಿದ್ದ ಮೇಲೆ, ಮುಂದಿನ 14 ಗಂಟೆಗಳೊಳಗೆ ಹೆಚ್ಚೆಂದರೆ 11 ಗಂಟೆ ಗಾಡಿ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ 30 ನಿಮಿಷದ ಬ್ರೇಕ್ ಕಡ್ಡಾಯ. ಮೊದಲು ಆ 30 ನಿಮಿಷ ಡ್ಯೂಟಿಯಿಂದ ಪೂರ್ತಿ ಹೊರಗಿರಬೇಕಿತ್ತು. 2020ರ ಸೆಪ್ಟೆಂಬರ್ 29ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ಸ್ಟಿಯರಿಂಗ್ ಹಿಡಿಯದಿದ್ದರೆ ಸಾಕು. ಡೀಸೆಲ್ ತುಂಬಿಸುತ್ತಿರಲಿ, ಲೋಡ್ ಇಳಿಸುವವರ ಪಕ್ಕದಲ್ಲಿ ನಿಂತು ಮೂಟೆ ಎಣಿಸುತ್ತಿರಲಿ, ಅದೂ ಬ್ರೇಕ್ ಎಂದೇ ಲೆಕ್ಕ. ಇದನ್ನು ‘30 ನಿಮಿಷದ ವಿಶ್ರಾಂತಿ’ ಎಂದು ಬರೆದರೆ ಬದಲಾದದ್ದೇನು ಎಂಬುದೇ ಓದುಗನಿಗೆ ಸಿಗುವುದಿಲ್ಲ. ಮೂಟೆ ಎಣಿಸುವುದನ್ನು ಯಾರಾದರೂ ವಿಶ್ರಾಂತಿ ಎನ್ನುತ್ತಾರೆಯೇ?

ಇಲ್ಲಿ ‘ವಿರಾಮ’ ಸರಿ ಎಂದು ನನ್ನ ಎಣಿಕೆ. ಅಲ್ಪವಿರಾಮ, ಪೂರ್ಣವಿರಾಮಗಳಲ್ಲಿ ಇರುವುದು ನಿಲ್ಲುವ ಅರ್ಥವೇ. ದಣಿವಿನ ಮಾತೇ ಅಲ್ಲಿಲ್ಲ. ‘ವಿಶ್ರಾಂತಿ’ಯಲ್ಲಾದರೆ ಶ್ರಮದ ಧಾತುವೇ ಕುಳಿತಿದೆ. ಯುರೋಪಿನ ಒಕ್ಕೂಟದ ನಿಯಮ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ಬ್ರೇಕ್ ಕೇಳುತ್ತದೆ. ಅದರಲ್ಲಿ ಬೇರೆ ಕೆಲಸವನ್ನೂ ಮಾಡಕೂಡದು, ಆ ಹೊತ್ತು ದಣಿವಾರಿಸಿಕೊಳ್ಳುವುದಕ್ಕೇ ಮೀಸಲು. ಹಾಗಾಗಿ ಅದಕ್ಕೆ ವಿಶ್ರಾಂತಿ ಒಪ್ಪುತ್ತದೆ. ಮೂಲದಲ್ಲಿ ಎರಡೂ ಕಡೆ ಪದ ಒಂದೇ ಇದ್ದರೂ ಕನ್ನಡದಲ್ಲಿ ಎರಡಾಗಲಿ. ಇನ್ನು ಡ್ಯೂಟಿ ಮುಗಿಸಿದ ಮೇಲೆ ಚಾಲಕ ತನ್ನ ಇಷ್ಟದಂತೆ ಕಳೆಯುವ ದೀರ್ಘ ಅವಧಿಗೆ ‘ಬಿಡುವು’ ಎನ್ನೋಣವೇ? ನಿದ್ದೆ ಮಾಡುವುದೂ ಬಿಡುವುದೂ ಅವನಿಗೆ ಬಿಟ್ಟದ್ದು.

ನಮ್ಮ ಕಾನೂನಿನ ಕಡೆಗೆ ಬಂದರೆ ತೊಡಕು ಇನ್ನೂ ಸ್ವಾರಸ್ಯವಾಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ದೂರದ ದಾರಿಗೆ ಸ್ವಲ್ಪ ಸಡಿಲಿಕೆಯೂ ಇತ್ತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ, ಒಂದು ದಿನದ ಡ್ಯೂಟಿಗೂ ಮರುದಿನದ ಡ್ಯೂಟಿಗೂ ನಡುವೆ ಸತತ 9 ಗಂಟೆ ಬಿಡಬೇಕಿತ್ತು. ಆ ಕಾಯ್ದೆ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಹೊಟ್ಟೆ ಸೇರಿದೆ. ಹಳೆಯ ಕಾಯ್ದೆಯಲ್ಲಿದ್ದ ‘ಸ್ಪ್ರೆಡ್‌ಓವರ್’ ಎಂಬ ಪದದ ಅರ್ಥ, ಡ್ಯೂಟಿ ಶುರುವಾದಲ್ಲಿಂದ ಮುಗಿಯುವವರೆಗಿನ ಒಟ್ಟು ಅವಧಿ, ನಡುವಿನ ಊಟ, ವಿಶ್ರಾಂತಿ ಎಲ್ಲ ಸೇರಿ. ನನ್ನ ಮುಂದಿರುವ ಕರಡಿನಲ್ಲಿ ಇದು ‘ಕರ್ತವ್ಯ ವ್ಯಾಪ್ತಿ’ ಆಗಿದೆ. ವ್ಯಾಪ್ತಿ ಎಂದೊಡನೆ ಪೊಲೀಸ್ ಠಾಣೆಯ ಸರಹದ್ದು ನೆನಪಾಗುತ್ತದೆ. ‘ಡ್ಯೂಟಿಯ ಒಟ್ಟು ಹೊತ್ತು’ ಎಂದರೆ ಕ್ಲೀನರ್ ಹುಡುಗನಿಗೂ ತಿಳಿಯುತ್ತದೆ.

ನಿಜವಾಗಿ ಸಿಕ್ಕಿಬಿದ್ದದ್ದು ‘ಮಿಯರ್ ಅಟೆಂಡೆನ್ಸ್’ನಲ್ಲಿ. ಬರಬಹುದಾದ ಕರೆಗೆ ಓಗೊಡಲೆಂದೇ ಚಾಲಕ ತನ್ನ ಜಾಗದಲ್ಲಿ ಉಳಿದಿರುವುದನ್ನು ಕಾಯ್ದೆ ಹೀಗೆ ಕರೆದಿತ್ತು. ನಿಲ್ದಾಣದಲ್ಲಿ ಅದು 15 ನಿಮಿಷಕ್ಕಿಂತ ಕಡಿಮೆಯಾದರೆ ದುಡಿಮೆಯ ಹೊತ್ತಿಗೇ ಸೇರುತ್ತಿತ್ತು. ಪಣಂಬೂರಿನಲ್ಲಿ ಬಂದರಿನ ಗೇಟಿನ ಹೊರಗೆ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿ. ಚಪ್ಪಲಿ ಕಳಚಿ, ಒಂದು ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿರುವ ಚಾಲಕ ದೂರದಿಂದ ಆರಾಮವಾಗಿಯೇ ಕಾಣುತ್ತಾನೆ. ಮುಂದಿನ ಗಾಡಿ ನಾಲ್ಕು ಮಾರು ಸರಿದರೆ ಇವನೂ ಸ್ಟಾರ್ಟ್ ಮಾಡಿ ಸರಿಯಬೇಕು, ಇಲ್ಲವಾದರೆ ಹಿಂದಿನವನ ಹಾರ್ನ್. ಇದು ಓಡಿಸುವುದಲ್ಲ, ವಿಶ್ರಾಂತಿಯಂತೂ ಅಲ್ಲವೇ ಅಲ್ಲ. ಕರಡಿನ ‘ಕೇವಲ ಹಾಜರಾತಿ’ ಶಾಲೆಯ ಪುಸ್ತಕದ್ದು. ‘ಕಾಯುವ ಹೊತ್ತು’ ಎಂಬುದು ನನ್ನ ಸೂಚನೆ. ಕನ್ನಡದ ‘ಕಾಯು’ವಿಗೆ ಎದುರುನೋಡುವ ಅರ್ಥವೂ ಇದೆ, ಕಾವಲಿನ ಅರ್ಥವೂ ಇದೆ; ಆ ಚಾಲಕ ಸರದಿಯನ್ನೂ ಕಾಯುತ್ತಾನೆ, ಸರಕನ್ನೂ ಕಾಯುತ್ತಾನೆ.

ಲಾರಿಯವರು ಇದಕ್ಕೆ ‘ಹಾಲ್ಟಿಂಗ್’ ಎನ್ನುತ್ತಾರಲ್ಲ, ಅದನ್ನೇ ಇಟ್ಟುಕೊಳ್ಳಬಾರದೇಕೆ ಎಂದು ಕೇಳಬಹುದು. ಹಾಲ್ಟಿಂಗ್ ಎಂದರೆ ಲೋಡಿಗಾಗಿ ನಿಲ್ಲಿಸಿಕೊಂಡದ್ದಕ್ಕೆ ಮಾಲೀಕನು ಬಿಲ್ಲಿಗೆ ಸೇರಿಸುವ ಹಣವೂ ಹೌದು, ರಾತ್ರಿ ಊರಲ್ಲೇ ಉಳಿಯುವ ಬಸ್ಸೂ ಹಾಲ್ಟಿಂಗ್ ಬಸ್ಸೇ. ಉತ್ತರ ಕರ್ನಾಟಕದವರು ಅದನ್ನು ‘ವಸ್ತಿ ಬಸ್’ ಎನ್ನುತ್ತಾರೆ. ಆ ಚೆಂದದ ಪದ ಘಟ್ಟ ಇಳಿದು ಬರಲಿಲ್ಲ.

ಬಲ್ಲವರಲ್ಲಿ ಎರಡು ಪ್ರಶ್ನೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ಗುಂಡ್ಯದಲ್ಲಿ ಲಾರಿ ನಿಂತುಬಿಟ್ಟರೆ, ಆ ಬಲವಂತದ ನಿಲುಗಡೆಗೆ ಕುಂದಾಪುರ, ಬೈಂದೂರು ಕಡೆಯ ಚಾಲಕರು ಬೇರೆ ಮಾತನ್ನೇನಾದರೂ ಬಳಸುತ್ತಾರೆಯೇ? ಮತ್ತೆ, ಸುರತ್ಕಲ್ಲಿನಿಂದ ಕೊಂಕಣ ರೈಲಿನ ರೋ-ರೋ (ಲಾರಿಯನ್ನೇ ಹತ್ತಿಸಿ ಒಯ್ಯುವ) ವ್ಯಾಗನ್ ಮೇಲೆ ಲಾರಿ ಸಾಗುವಾಗ ಚಾಲಕನೂ ಜೊತೆಗೇ ಇರುತ್ತಾನೆ: ಎಂಜಿನ್ ಬಂದ್, ಗಾಡಿ ಮಾತ್ರ ಓಡುತ್ತಿದೆ. ಆ ಹೊತ್ತನ್ನು ವಿರಾಮದಲ್ಲಿ ಸೇರಿಸಲೇ, ಬಿಡುವಿನಲ್ಲಿ ಸೇರಿಸಲೇ, ಕಾಯುವ ಹೊತ್ತಿನಲ್ಲಿ ಸೇರಿಸಲೇ?