ಒರಗೋದು, ವಾಲೋದು, ಓರೆಯಾಗೋದು: ಎಲ್ಲ ಒಂದೇನಾ?

ಚಿಕ್ಕಪ್ಪ: (ಫಾರ್ವರ್ಡ್ ಆದ ಚಿತ್ರ) “ಲೀನ್ = ಟಿಲ್ಟ್ = ಸ್ಲ್ಯಾಂಟ್ = ಸ್ಲೋಪ್ = ಇನ್‌ಕ್ಲೈನ್ = ಲಿಸ್ಟ್. ಆರು ಪದ, ಅರ್ಥ ಒಂದೇ: ವಾಲು. ಯಾವುದನ್ನಾದರೂ ಬಳಸಿ!”
ಮಕ್ಕಳೆಲ್ಲ ಸೇವ್ ಮಾಡ್ಕೊಳ್ಳಿ. ಪರೀಕ್ಷೆಗೆ ಬರುತ್ತೆ.

ಸುಮಕ್ಕ: ಚಿಕ್ಕಪ್ಪ, ದಯವಿಟ್ಟು ಯಾರೂ ಸೇವ್ ಮಾಡೋದು ಬೇಡ. ಆ ಸಮ ಚಿಹ್ನೆಗಳೇ ತಪ್ಪು. ನಮ್ಮ ಕನ್ನಡದಲ್ಲೇ ನೋಡಿ. ಗೋಡೆಗೆ ಒರಗ್ತೀವಿ, ಕಂಬ ವಾಲುತ್ತೆ, ಗೆರೆ ಓರೆಯಾಗಿರುತ್ತೆ, ನೆಲ ಇಳಿಜಾರಾಗಿರುತ್ತೆ. “ನೆಲ ಒರಗಿದೆ” ಅಂತ ಯಾರಾದ್ರೂ ಬರೆದ್ರೆ ನೀವೇ ನಗ್ತೀರ.

ಚಿಕ್ಕಪ್ಪ: ಅರ್ಥ ಆಗುತ್ತಲ್ಲಮ್ಮ. ಅಷ್ಟಾದ್ರೆ ಸಾಕು. ಸುಮ್ನೆ ಮಕ್ಕಳನ್ನ ಹೆದರಿಸ್ಬೇಡ.

ಸುಮಕ್ಕ: ಅರ್ಥ ಆಗಲ್ಲ ಅನ್ನೋದೇ ನನ್ನ ತಕರಾರು. ಆ ಚಿತ್ರದ ಎರಡನೇ ಉದಾಹರಣೆ ಓದಿ: “ದಿ ಲ್ಯಾಡರ್ ಸ್ಲೋಪ್ಸ್ ಆನ್ ದಿ ವಾಲ್”. ಏಣಿ ಗೋಡೆಗೆ ಭಾರ ಬಿಟ್ಟು ನಿಂತಿದೆ ಅನ್ನೋದು ಇದರಲ್ಲಿ ಎಲ್ಲಿದೆ? “ಲೀನ್ಸ್ ಅಗೇನ್ಸ್ಟ್ ದಿ ವಾಲ್” ಅನ್ನಬೇಕು. ಆಸರೆ ಇದೆ ಅಂತ ಹೇಳೋ ಶಕ್ತಿ ಈ ಆರರಲ್ಲಿ ಲೀನ್‌ಗೆ ಮಾತ್ರ ಇರೋದು. ಅದೂ ಜೊತೆಗೆ ಬರೋ ಚಿಕ್ಕ ಪದದ ಮೇಲೆ ನಿಂತಿದೆ. ಅಗೇನ್ಸ್ಟ್ ಅಂದ್ರೆ ಪಕ್ಕದ ಆಸರೆ: ಗೋಡೆ, ಬಾಗಿಲು, ಮರ. ಆನ್ ಅಂದ್ರೆ ಭಾರ ಹೊರೋ ಆಸರೆ: ಊರುಗೋಲು, ಮೇಜು, ಇನ್ನೊಬ್ಬರ ಹೆಗಲು. ಓವರ್ ಬಂದ್ರೆ ಆಸರೆಯೇ ಇಲ್ಲ, ತೊಟ್ಟಿಲ ಮೇಲೆ ಬಾಗಿ ನೋಡಿದ ಹಾಗೆ. ಮನುಷ್ಯರ ವಿಷಯದಲ್ಲಿ ಲೀನ್ ಆನ್ ಬರೆಯೋವಾಗ ಸ್ವಲ್ಪ ಹುಷಾರು. ಅದಕ್ಕೆ ನೆಚ್ಚಿಕೊಳ್ಳೋದು ಅಂತಲೂ ಅರ್ಥ, ಒತ್ತಡ ಹಾಕಿ ಕೆಲಸ ಮಾಡಿಸೋದು ಅಂತಲೂ ಅರ್ಥ.

ರವಿ: ಏಣಿ ಮಾತು ಬಂತಲ್ಲ, ಅದಕ್ಕೊಂದು ಲೆಕ್ಕ ಇದೆ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದಡಿ ಆಚೆ. ನೆಲದಿಂದ ಸುಮಾರು 75 ಡಿಗ್ರಿ. ಬುಡ ಇನ್ನೂ ಆಚೆ ಹೋದ್ರೆ ಜಾರುತ್ತೆ, ಹತ್ತಿರ ಬಂದ್ರೆ ಹತ್ತಿದವರ ಸಮೇತ ಹಿಂದಕ್ಕೆ ಬೀಳುತ್ತೆ. ಹಾಗೆ ಬೀಳೋದಕ್ಕೆ ಟಿಪ್ ಅಂತಾರೆ. ಟಿಲ್ಟ್ ಆದದ್ದು ವಾಪಸ್ ಬರಬಹುದು, ಟಿಪ್ ಓವರ್ ಆದದ್ದು ಬರಲ್ಲ.

ಅತ್ತೆ: ಪೀಸಾ ಗೋಪುರಕ್ಕೆ ಯಾವ ಗೋಡೆ ಆಸರೆ ಕೊಟ್ಟಿದೆ? ಅದನ್ನೂ ಲೀನಿಂಗ್ ಟವರ್ ಅಂತಾರಲ್ಲ ಸುಮಾ.

ಸುಮಕ್ಕ: ಒಳ್ಳೇ ಪ್ರಶ್ನೆ ಅತ್ತೆ. ನೆಟ್ಟಗೆ ನಿಲ್ಲಬೇಕಾದದ್ದು ಲಂಬ ಬಿಟ್ಟು ಸರಿದ್ರೂ ಲೀನ್ ಅಂತಾರೆ. ನಮ್ಮ ಒರಗು, ವಾಲು ಎರಡನ್ನೂ ಇಂಗ್ಲಿಷ್ ಒಂದೇ ಪದದಲ್ಲಿ ನಡೆಸುತ್ತೆ. ಈ ಒಂದು ವಿಷಯದಲ್ಲಿ ಕನ್ನಡವೇ ಹೆಚ್ಚು ನಿಖರ ಅಂತ ನನ್ನ ಅಭಿಪ್ರಾಯ.

ರವಿ: ಆದ್ರೆ ಎಷ್ಟು ವಾಲಿದೆ ಅಂತ ಅಳೆಯೋಕೆ ಹೊರಟ್ರೆ ಪದ ಟಿಲ್ಟ್ ಆಗುತ್ತೆ. 1990ರಲ್ಲಿ ಗೋಪುರ ಮುಚ್ಚಿದಾಗ ಟಿಲ್ಟ್ ಸುಮಾರು 5.5 ಡಿಗ್ರಿ. ದಕ್ಷಿಣಕ್ಕೆ ವಾಲಿತ್ತು, ಉತ್ತರದ ಬದಿಯ ಅಡಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು 2001ರಲ್ಲಿ ತೆರೆಯೋ ಹೊತ್ತಿಗೆ ಸುಮಾರು 4ಕ್ಕೆ ತಂದ್ರು. ಭೂಮಿಯ ಅಕ್ಷದ 23.4 ಡಿಗ್ರಿಗೂ ಟಿಲ್ಟ್ ಅಂತಲೇ ಹೆಸರು.

ಚಿಕ್ಕಪ್ಪ: ಸರಿ, ಲಿಸ್ಟ್ ಬಗ್ಗೆ ಏನು ತಪ್ಪು ಹುಡುಕ್ತೀರ ನೋಡೋಣ.

ಸುಮಕ್ಕ: ಅದು ಮುಖ್ಯವಾಗಿ ಹಡಗಿನ ಪದ ಚಿಕ್ಕಪ್ಪ. “ದಿ ಶಿಪ್ ಈಸ್ ಲಿಸ್ಟಿಂಗ್ ಟು ಪೋರ್ಟ್” ಅನ್ನೋದನ್ನ ಪದಕ್ಕೆ ಪದ ಇಟ್ಟು ಕನ್ನಡ ಮಾಡಿದ್ರೆ “ಹಡಗು ಬಂದರಿಗೆ ಪಟ್ಟಿ ಮಾಡುತ್ತಿದೆ” ಅಂತಾಗುತ್ತೆ 😄 ಎರಡು ಕಡೆ ಮುಗ್ಗರಿಸಿದ್ದು. ಲಿಸ್ಟ್ ಇಲ್ಲಿ ಪಟ್ಟಿ ಅಲ್ಲ, ಪೋರ್ಟ್ ಬಂದರಲ್ಲ. ಹಡಗಿನ ಮುಂಭಾಗಕ್ಕೆ ಮುಖ ಮಾಡಿ ನಿಂತ್ರೆ ಎಡಬದಿ ಪೋರ್ಟ್. ಮೊದಲು ಅದನ್ನ ಲಾರ್ಬೋರ್ಡ್ ಅಂತಿದ್ರು. ಬಲಬದಿಯ ಸ್ಟಾರ್ಬೋರ್ಡ್ ಜೊತೆ ಕಿವಿಗೆ ಗೊಂದಲ ಅಂತ ಬ್ರಿಟಿಷ್ ನೌಕಾಪಡೆ 1844ರಲ್ಲಿ ಪೋರ್ಟ್ ಅನ್ನೋದನ್ನೇ ಬಳಸಿ ಅಂತ ಆದೇಶ ಮಾಡಿತು.

ರವಿ: ಹಡಗು ವಾಲೋದಕ್ಕೆಲ್ಲ ಲಿಸ್ಟ್ ಅನ್ನೋ ಹಾಗಿಲ್ಲ ಅಕ್ಕ. ಕಾರಣ ಹಡಗಿನ ಒಳಗಿದ್ರೆ ಲಿಸ್ಟ್: ಸರಕು ಒಂದು ಬದಿಗೆ ಸರಿದಿದೆ, ಇಲ್ಲಾ ನೀರು ನುಗ್ಗಿದೆ. ಕಾರಣ ಹೊರಗಿದ್ರೆ ಹೀಲ್: ಗಾಳಿ ಹಡಗಿನ ಹಾಯಿಯನ್ನ ತಳ್ಳುತ್ತಿದೆ, ಇಲ್ಲಾ ಹಡಗು ಜೋರಾಗಿ ತಿರುಗುತ್ತಿದೆ. ಗಾಳಿ ನಿಂತ್ರೆ ಹೀಲ್ ತಾನಾಗೇ ಹೋಗುತ್ತೆ. ಲಿಸ್ಟ್ ಹೋಗಬೇಕಾದ್ರೆ ಸರಕು ಸರಿಸಬೇಕು, ನೀರು ಪಂಪ್ ಮಾಡಬೇಕು. ಅಲೆಗೆ ಅತ್ತಿತ್ತ ಹೊರಳೋದು ರೋಲ್. ಸುದ್ದಿ ಅನುವಾದ ಮಾಡೋವಾಗ ಇದು ಗೊತ್ತಿಲ್ಲದಿದ್ರೆ ಮಾಮೂಲಿ ವಿಷಯ ಅಪಾಯದ ಸುದ್ದಿ ಆಗುತ್ತೆ, ಅಪಾಯದ್ದು ಮಾಮೂಲಿ ಆಗುತ್ತೆ.

ಚಿಕ್ಕಪ್ಪ: ಹಾಗಾದ್ರೆ ವಿಮಾನ ತಿರುಗೋವಾಗ ಒಂದು ರೆಕ್ಕೆ ಕೆಳಗೆ ಹೋಗುತ್ತಲ್ಲ, ಅದು?

ರವಿ: ಬ್ಯಾಂಕ್. ದುಡ್ಡಿಡೋ ಬ್ಯಾಂಕ್ ಅಲ್ಲ 😀 ರೆಕ್ಕೆ ಮೇಲಕ್ಕೆತ್ತೋ ಬಲವನ್ನೇ ಓರೆ ಮಾಡಿ ಅದರ ಒಂದು ಪಾಲಿನಿಂದ ವಿಮಾನವನ್ನ ತಿರುವಿಗೆ ಎಳೆಯೋದು. ಪ್ರಯಾಣಿಕ ವಿಮಾನ ಸಾಮಾನ್ಯವಾಗಿ 30 ಡಿಗ್ರಿ ದಾಟಲ್ಲ. ಮೂತಿ ಮೇಲೆ ಕೆಳಗೆ ಆಗೋದು ಪಿಚ್. ರೈಲು ಹಳಿಯ ತಿರುವಿನಲ್ಲಿ ಹೊರಗಿನ ಕಂಬಿ ಎತ್ತರ ಇಡೋದು ಕ್ಯಾಂಟ್, ಅದನ್ನ ಡಿಗ್ರಿಯಲ್ಲಲ್ಲ, ಮಿಲಿಮೀಟರ್‌ನಲ್ಲಿ ಹೇಳ್ತಾರೆ.

ಅತ್ತೆ: ಸ್ಲೋಪ್ ಬಿಟ್ಟೇ ಹೋಯ್ತು.

ರವಿ: ಅದು ಮೇಲ್ಮೈಗೆ ಅತ್ತೆ. ನೆಲ, ಚಾವಣಿ, ಬೆಟ್ಟದ ಬದಿ. ಮನುಷ್ಯ, ಕಂಬ, ಕುರ್ಚಿಗೆ ಹೊಂದಲ್ಲ. ಜಾಸ್ತಿ ಇದ್ರೆ “ಹೈ ಸ್ಲೋಪ್” ಅಂತ ಬರೀತಾರೆ, ಮಾತಲ್ಲಿ ಸಹಜವಾಗಿ ಬರೋದು “ಸ್ಟೀಪ್ ಸ್ಲೋಪ್”. ಶೇಕಡಾದಲ್ಲೂ ಎಡವಬೇಡಿ...

ಚಿಕ್ಕಪ್ಪ: ಅದ್ರಲ್ಲೇನಿದೆ, 100 ಪರ್ಸೆಂಟ್ ಅಂದ್ರೆ ಗೋಡೆ ಥರ ನೇರ.

ರವಿ: ಅಲ್ಲ ಚಿಕ್ಕಪ್ಪ, 45 ಡಿಗ್ರಿ. ಎತ್ತರವನ್ನ ಅಡ್ಡದೂರದಿಂದ ಭಾಗಿಸಿ ನೂರರಿಂದ ಗುಣಿಸೋದು. ಎರಡೂ ಸಮ ಆದ್ರೆ 100. ಗಾಲಿಕುರ್ಚಿ ರ‍್ಯಾಂಪ್‌ಗೆ ಹೇಳೋ 1:12 ಅನುಪಾತ ಅಂದ್ರೆ 8.3 ಪರ್ಸೆಂಟ್, ಡಿಗ್ರಿಯಲ್ಲಿ 5ಕ್ಕೂ ಕಮ್ಮಿ. ನೇರ ಗೋಡೆಗೆ ಪರ್ಸೆಂಟೇ ಹೇಳೋಕಾಗಲ್ಲ, ಅಡ್ಡದೂರ ಸೊನ್ನೆ.

ಚಿಕ್ಕಪ್ಪ: ಓಹೋ. ಇದು ನಂಗೆ ಹೊಳೆದಿರಲಿಲ್ಲ.

ಸುಮಕ್ಕ: ನನಗೆ ಹೆಚ್ಚು ಚಿಂತೆ ಅಭಿಪ್ರಾಯದ ವಿಷಯದಲ್ಲಿ. “ದಿ ಪೇಪರ್ ಲೀನ್ಸ್ ಲೆಫ್ಟ್” ಅಂದ್ರೆ ಒಲವು ಎತ್ತ ಅಂತ ಹೇಳಿದ್ದು, ಬೈಗುಳ ಅಲ್ಲ. “ದಿ ರಿಪೋರ್ಟ್ ಈಸ್ ಸ್ಲ್ಯಾಂಟೆಡ್” ಅಂದ್ರೆ ಸತ್ಯವನ್ನ ಓರೆ ಮಾಡಿದ್ದಾರೆ ಅನ್ನೋ ಆರೋಪ. “ಐ ಆಮ್ ಇನ್‌ಕ್ಲೈನ್ಡ್ ಟು ಅಗ್ರೀ” ಅಂದ್ರೆ ಒಪ್ಪೋ ಮನಸ್ಸಿದೆ, ಇನ್ನೂ ಪೂರ್ತಿ ಒಪ್ಪಿಲ್ಲ. ಟಿಲ್ಟ್‌ನಲ್ಲಿ ತಕ್ಕಡಿಯ ಚಿತ್ರ ಇದೆ. 1971ರಲ್ಲಿ ಅಮೆರಿಕ ಪಾಕಿಸ್ತಾನದ ಕಡೆ ವಾಲಿದ್ದನ್ನ ಇವತ್ತಿಗೂ “ದಿ ಟಿಲ್ಟ್” ಅಂತಲೇ ಬರೀತಾರೆ. ಈ ನಾಲ್ಕನ್ನ ಅದಲು ಬದಲು ಮಾಡಿದ್ರೆ ಯಾರಿಗೋ ಬೈದ ಹಾಗಾಗುತ್ತೆ, ಇಲ್ಲಾ ಕೊಡದ ಮಾತು ಕೊಟ್ಟ ಹಾಗಾಗುತ್ತೆ.

ಅತ್ತೆ: ಕೈಬರಹ ಓರೆ ಇರೋದಕ್ಕೆ?

ಸುಮಕ್ಕ: ಸ್ಲ್ಯಾಂಟ್. ಅಚ್ಚಿನಲ್ಲಿ ಮಾತ್ರ ಇಟ್ಯಾಲಿಕ್ ಬೇರೆ, ಒಬ್ಲೀಕ್ ಬೇರೆ. ನೇರ ಅಕ್ಷರವನ್ನೇ ಓರೆ ಮಾಡಿದ್ರೆ ಒಬ್ಲೀಕ್. ಇಟ್ಯಾಲಿಕ್‌ನಲ್ಲಿ ಚಿಕ್ಕ “ಎ” ಅಕ್ಷರದ ಆಕಾರವೇ ಬದಲಾಗಿರುತ್ತೆ, ನೋಡಿ. ಕನ್ನಡಕ್ಕೆ ಸಾಫ್ಟ್‌ವೇರ್ ಮಾಡಿಕೊಡೋದು ಬಹುಪಾಲು ಬರೀ ಓರೆ. ಒತ್ತಕ್ಷರಗಳು ಜಾರಿ ಬೀಳೋ ಹಾಗೆ ಕಾಣುತ್ತೆ, ಅದಕ್ಕೇ ನಂಗೆ ಇಷ್ಟ ಇಲ್ಲ.

ಚಿಕ್ಕಪ್ಪ: ಆಯ್ತಮ್ಮ, ಚಿತ್ರ ಡಿಲೀಟ್ ಮಾಡಿದೆ. ಏಣಿ ವಾಕ್ಯ ತಿದ್ದಿದ್ದೀನಿ, ನೋಡು: “ಹಿ ಲೆಂಟ್ ದಿ ಲ್ಯಾಡರ್ ಅಗೇನ್ಸ್ಟ್ ದಿ ವಾಲ್”. ಲೀನ್‌ನ ಭೂತಕಾಲ ಲೆಂಟ್ ತಾನೆ?

ಅತ್ತೆ: ಏನೋ, ಏಣಿನ ಸಾಲ ಕೊಟ್ನಾ ಅವ್ನು? 😂

ಸುಮಕ್ಕ: ಚಿಕ್ಕಪ್ಪ ಹೇಳಿದ್ದು ಸರಿಯೇ ಅತ್ತೆ. ಬ್ರಿಟಿಷರಲ್ಲಿ ಅದೂ ನಡೆಯುತ್ತೆ, ಉಚ್ಚಾರ ಸಾಲ ಕೊಟ್ಟ ಲೆಂಟ್ ಥರಾನೇ. ಬರೆಯೋವಾಗ ಮಾತ್ರ ನಡುವೆ “ಎ” ಬಿಡ್ಬಾರ್ದು. ಅಮೆರಿಕದವರು ಲೀನ್ಡ್ ಅಂತಾರೆ. ಮಕ್ಕಳಿಗೆ ಲೀನ್ಡ್ ಅಂತಲೇ ಹೇಳಿಕೊಡಿ, ಎರಡೂ ಕಡೆ ನಡೆಯುತ್ತೆ.